ನಲವತ್ತು ದಿನ ಕಾದವರ ಪರ್ಮಿಟ್ಟು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಮಾನ್ವಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನೀರಿನ ಟ್ಯಾಂಕರಿನವನಿಂದ ಹಿಡಿದು ಕರೆಂಟ್ ಬಿಲ್ ಕೊಡಲು ಬರುವವನವರೆಗೆ ನನ್ನ ಬಾಯಿಗೆ ಬೀಳದವರು ಕಡಿಮೆ. “ಇಕೀಗೆ ಗಂಡು ಹುಡುಕೋದು ಬ್ಯಾಡ, ಪೊಲೀಸ್ ನೌಕರಿ ಹುಡುಕ್ರಿ” ಎಂದು ಅಬ್ಬಾ ಬಂದವರ ಮುಂದೆಲ್ಲ ನಗುತ್ತಿದ್ದರು. ಆ ಸಿಟ್ಟಿನಲ್ಲಿ ನಾನು ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನೂ, ಆತ ನಮ್ಮ ಮನೆಗೆ ಮಾಡಿದ ಉಪಕಾರವನ್ನೂ ಬರೆದಿಡಬೇಕೆಂದು ಕೂತಿದ್ದೇನೆ. ಉಪಕಾರ ದೊಡ್ಡದು, ನನ್ನ ಅನ್ಯಾಯವೇನೂ ಸಣ್ಣದಲ್ಲ.

ಅಬ್ಬಾನ ಹತ್ತಿರ ಹನ್ನೆರಡು ಮಂದಿ ಕೂರುವ ಒಂದು ಕ್ರೂಸರ್ ಜೀಪು ಇತ್ತು. ಮಾಲೀಕರೂ ಅವರೇ, ಡ್ರೈವರ್ರೂ ಅವರೇ. ಮಾನ್ವಿಯಿಂದ ಕಲ್ಲೂರಿನ ಮೇಲೆ ರಾಯಚೂರಿಗೆ ಹೋಗುವುದು, ತುಂಬಿದರೆ ತಿರುಗಿ ಬರುವುದು. ದಿನಕ್ಕೆ ಮೂರು ಸಲ, ಒಳ್ಳೆಯ ದಿನವಾದರೆ ನಾಲ್ಕು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಗಾಡಿಯ ಅರ್ಧ ಸೀಟು ಖಾಲಿ ಓಡತೊಡಗಿದವು. ನಾನು ಕೂಗಾಡಿದರೆ ಅಬ್ಬಾ, “ಬಾಯಿ ಮುಚ್ಚು, ಯರಗೇರಾಕ್ಕ ನೀ ದಿನಾ ಹೋಗೋದು ಅದರಾಗೇ ಅಲ್ಲೇನು?” ಎನ್ನುತ್ತಿದ್ದರು. ನಿಜವೇ. ನಾನು ಆಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ, ಒಂದು ರೂಪಾಯಿಯ ಟಿಕೆಟ್ಟೂ ಇಲ್ಲದೆ.

ಗಾಡಿಯ ಕಾಗದಗಳನ್ನು ಅಬ್ಬಾ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆಯ ಚೀಟಿ, ಇನ್ಶೂರೆನ್ಸ್, ಗಾಡಿ ಗಟ್ಟಿ ಇದೆ ಎಂದು ಕೊಡುವ ಫಿಟ್ನೆಸ್ಸು, ಎಲ್ಲದರ ಕೆಳಗೆ ಗಾಡಿ ಬಾಡಿಗೆಗೆ ಓಡಿಸಲು ಸರ್ಕಾರ ಕೊಟ್ಟ ಪರ್ಮಿಟ್ಟು. “ಡೀಸೆಲ್ ಇಲ್ದಿದ್ರ ಗಾಡಿ ದಾರ್ಯಾಗ ನಿಲ್ಲತದ. ಇದು ಇಲ್ದಿದ್ರ ಮನಿ ಬಿಟ್ಟು ಏಳಂಗಿಲ್ಲ” ಎಂದು ಪರ್ಮಿಟ್ಟನ್ನು ತೋರಿಸುತ್ತಿದ್ದರು. ಅದರಲ್ಲಿ ಅವರ ಹೆಸರಿತ್ತು. ಆ ಹೆಸರಿನ ಮನುಷ್ಯ ಹೋದರೆ ಆ ಕಾಗದದ ಗತಿಯೇನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಆ ಮನುಷ್ಯನ ಮಾತು. ಮಾನ್ವಿಯ ಸ್ಟ್ಯಾಂಡಿನಲ್ಲಿ ಆತನನ್ನು ಎಲ್ಲರೂ ‘ದೇವದುರ್ಗದವ’ ಎಂದೇ ಕರೆಯುತ್ತಿದ್ದರು. ದೇವದುರ್ಗದಿಂದ ಹೆಂಡತಿಯನ್ನು ಕರೆದುಕೊಂಡು ಬಂದು ಇಲ್ಲಿ ಬೇರೊಬ್ಬರ ಗಾಡಿಯನ್ನು ಕೂಲಿಗೆ ಓಡಿಸುತ್ತಿದ್ದ. ಅಬ್ಬಾನಿಗೂ ಆತನಿಗೂ ಆಗಿಬರುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಪಾಳಿ ಅಂದರೆ ಪಾಳಿ. ಮುಂದಿನ ಗಾಡಿ ತುಂಬಿ ಹೊರಡುವವರೆಗೆ ಹಿಂದಿನದು ಒಬ್ಬರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಒಮ್ಮೆ ಕಲ್ಲೂರಿನ ನಿಶ್ಚಿತಾರ್ಥಕ್ಕೆ ಹೊರಟಿದ್ದ ಹತ್ತು ಮಂದಿಯನ್ನು ಆತ ಅಬ್ಬಾನ ಪಾಳಿಯಲ್ಲಿ ಹತ್ತಿಸಿಕೊಂಡು ಹೋಗಿಬಿಟ್ಟ. ಮಾಲೀಕನ ಒತ್ತಾಯವಿತ್ತಂತೆ. ಅವತ್ತಿನಿಂದ ವರ್ಷಗಟ್ಟಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಸಾಲಿನಲ್ಲಿ ಗಾಡಿ ನಿಲ್ಲಿಸಿದರು. ಅಬ್ಬಾ ಮನೆಗೆ ಬಂದು ಆತನನ್ನು ಬೈಯುತ್ತಿದ್ದರು, ನಾನು ಇನ್ನೆರಡು ಸೇರಿಸಿ ಬೈಯುತ್ತಿದ್ದೆ.

ಒಂದು ದಿನ ಬೆಳಗಿನ ನಮಾಜು ಮುಗಿಸಿ ಬಂದ ಅಬ್ಬಾ, ಎದೆ ಹಿಡಿದಂಗಾಗ್ತದ ಎಂದು ಮಂಚದ ಮೇಲೆ ಮಲಗಿದರು. ಅಮ್ಮಿ ಚಹಾ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಸ್ಟ್ಯಾಂಡಿನಿಂದ ಒಂದು ಗಾಡಿಯೂ ಹೊರಡಲಿಲ್ಲ. ಅಬ್ಬಾನನ್ನು ಹೊತ್ತವರಲ್ಲಿ ದೇವದುರ್ಗದವನೂ ಇದ್ದನಂತೆ. ಅದು ಕಿವಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ. ಮನೆ ಮುಂದೆ ನಿಂತ ಕ್ರೂಸರನ್ನು ನೋಡಿ ನೋಡಿ ಅಳುವುದೇ ನನ್ನ ಕೆಲಸವಾಗಿತ್ತು.

ಅಮ್ಮಿ ಇದ್ದತ್ತಿಗೆ ಕೂತರು. ಗಂಡ ತೀರಿದ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವುದು, ಹೊರಗಿನ ಗಂಡಸರ ಎದುರು ಬಾರದಿರುವುದು ನಮ್ಮ ಪದ್ಧತಿ. ತೀರಾ ಜರೂರಿದ್ದರೆ ಹಗಲು ಹೋಗಿ ಬರಬಹುದು ಎಂದು ಮೌಲ್ವಿಗಳು ಹೇಳಿದ್ದರು. ಅಮ್ಮಿ ಒಪ್ಪಲಿಲ್ಲ. “ನಕ್ಕೋ. ಅವರು ಮೂವತ್ತು ವರ್ಷ ನನ್ನ ಬಿಸಿಲಿಗೆ ಕಳಿಸಿಲ್ಲ, ಈ ನಾಕು ತಿಂಗಳು ನಾ ಹೋಗಂಗಿಲ್ಲ” ಎಂದರು. ಅಮ್ಮಿ ನನ್ನ ಜೊತೆ ಮಾತಾಡುವುದು ದಖ್ನಿ ಉರ್ದುವಿನಲ್ಲಿ, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರ ಹಟ ಯಾವ ಭಾಷೆಯಲ್ಲೂ ಅಷ್ಟೇ ಗಟ್ಟಿ.

ಇದರ ಜೊತೆಗೆ ನಮ್ಮ ಮನೆತನದ ಇನ್ನೊಂದು ರೂಢಿ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆಗುವವರೆಗೆ ಸತ್ತವರ ಆಸ್ತಿಪಾಸ್ತಿಯ ಮಾತು ಎತ್ತುವಂತಿಲ್ಲ, ಅವರ ಪೆಟ್ಟಿಗೆ ತೆರೆಯುವಂತಿಲ್ಲ. ಇದು ಶಾಸ್ತ್ರವೋ, ಹಿರಿಯರು ಜಗಳ ತಪ್ಪಿಸಲು ಮಾಡಿಕೊಂಡ ಉಪಾಯವೋ, ನಾನು ವಿಚಾರಿಸಲಿಲ್ಲ. ನನಗೂ ಅದು ಹಿತವಾಗಿಯೇ ಇತ್ತು. ಬಿಸ್ಕೀಟಿನ ಡಬ್ಬಿ ತೆರೆದರೆ ಅಬ್ಬಾ ನಿಜವಾಗಿಯೂ ಹೋದಂತೆ ಎಂದು ನನಗೆ ಹೆದರಿಕೆ. ಹಾಗಾಗಿ ಗಾಡಿಯನ್ನು ಯಾರೂ ಮುಟ್ಟಲಿಲ್ಲ. ನಿಂತ ಗಾಡಿಗೂ ತೆರಿಗೆ ಓಡುತ್ತಲೇ ಇರುತ್ತದೆ ಎಂಬುದು ಗೊತ್ತಿದ್ದವರು ಮನೆಯಲ್ಲಿ ಒಬ್ಬರೇ ಇದ್ದರು, ಅವರು ಹೋಗಿದ್ದರು.

ಹದಿನೈದನೆಯ ದಿನವೋ ಏನೋ, ದೇವದುರ್ಗದವ ಬಾಗಿಲಿಗೆ ಬಂದ. ಟವೆಲ್ಲನ್ನು ಕೈಯಲ್ಲಿ ಮುದುಡಿ ಹಿಡಿದಿದ್ದ.

“ಯವ್ವಾ, ಗಾಡಿ ಪೇಪರ್ ಒಂದೀಟು ನೋಡಬೇಕಿತ್ತು.”

“ಯಾಕ?”

“ಪರ್ಮಿಟ್‌ದು ಒಂದು ಕೆಲಸ ಅದ. ಭಾಬಿ ಕಡೀಂದ...”

“ನಲವತ್ತು ಆಗೋತನಕ ಗಾಡಿ ಮಾತು ನಮ್ಮನ್ಯಾಗ ಇಲ್ಲ. ಹೋಗ್ರಿ” ಎಂದು ಬಾಗಿಲು ಹಾಕಿದೆ.

ಎರಡು ದಿನ ಬಿಟ್ಟು ಮತ್ತೆ ಬಂದ. “ಮೂವತ್ತು ದಿನದಾಗ...” ಎಂದು ಶುರು ಮಾಡಿದ. ಮುಗಿಸಲು ಬಿಡಲಿಲ್ಲ. ಮೂರನೆಯ ಸಲ ಬಂದಾಗ ನಾನು ಬಾಗಿಲನ್ನೇ ತೆರೆಯಲಿಲ್ಲ, ಕಿಟಕಿಯಿಂದಲೇ ಎರಡು ಮಾತು ಅಂದು ಕಳಿಸಿದೆ. ಗಾಡಿ ಅಗ್ಗಕ್ಕೆ ಹೊಡೆಯಲು ಹೊಂಚು ಹಾಕುತ್ತಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಮನೆಯಲ್ಲಿ ಗಂಡಸಿಲ್ಲ, ಹೆಂಗಸು ಹೊರಗೆ ಬರುವುದಿಲ್ಲ, ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತದೆಯೇ ಎಂದುಕೊಂಡೆ. ಎಷ್ಟು ಜಾಣೆ ನಾನು!

ಮೂವತ್ತೆಂಟನೆಯ ದಿನ ಬೆಳಿಗ್ಗೆ ಫಾತಿಹಾದ ಅಡುಗೆಗೆ ಅಕ್ಕಿ ಎಷ್ಟು ಬೇಕೆಂದು ಮಾತಾಡುತ್ತಿದ್ದೆವು. ಅಮ್ಮಿ ನಡುವೆ ಸಹಜವಾಗಿ, “ಆ ದೇವದುರ್ಗದವನ ಹೆಂಡತೀಗೂ ಹೇಳಿ ಕಳಿಸು, ಪಾಪ, ಬಾಳೆಹಣ್ಣು ತಗೊಂಡು ಬಂದಿದ್ದಳು. ಅವತ್ತು ಕಾಗದಕ್ಕ ಸಹಿ ಮಾಡಿಸಿಕೊಂಡು ಹೋದ ಮ್ಯಾಲೆ ಮತ್ತ ಬಂದೇ ಇಲ್ಲ” ಎಂದರು.

“ಎಂಥಾ ಕಾಗದ?”

“ಗಾಡಿದು, ಆಫೀಸಿಗೆ ಕೊಡಾದು ಅಂದಳು. ನೀ ಯರಗೇರಾಕ್ಕ ಹೋಗಿದ್ದಿ.”

“ಓದಿಸಿಕೊಂಡಿ?”

“ನನ್ನ ಕಣ್ಣಾಗ ನೀರು ನಿಂತಿದ್ದವು ಬೇಟಿ. ಸಹಿ ಮಾಡಿದೆ.”

ಅಕ್ಕಿಯ ಮಾತನ್ನು ಅಲ್ಲೇ ಬಿಟ್ಟು ಎದ್ದೆ. ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡಿದ್ದೆನೋ ಇಲ್ಲವೋ. ಸ್ಟ್ಯಾಂಡಿನಲ್ಲಿ ಆರು ಗಾಡಿ ಸಾಲಾಗಿ ನಿಂತಿದ್ದವು, ಚಹಾದಂಗಡಿಯ ಮುಂದೆ ಡ್ರೈವರುಗಳು, ಪ್ರಯಾಣಿಕರು. ದೇವದುರ್ಗದವ ಗಾಜು ಒರೆಸುತ್ತಿದ್ದ. ನಾನು ಹೋದವಳೇ ಶುರು ಮಾಡಿದೆ. ಕಳ್ಳ ಎಂದೆ. ಸತ್ತವರ ಮನೆ ಲೂಟಿ ಮಾಡುವವ ಎಂದೆ. ಪಾಳಿ ಕದ್ದವನಿಗೆ ಗಾಡಿ ಕದಿಯುವುದು ಎಷ್ಟು ಹೊತ್ತು ಎಂದೆ. ಅಬ್ಬಾ ಇದ್ದಿದ್ದರೆ ಹೀಗೆ ಮಾಡುವ ಧೈರ್ಯವಿತ್ತೇ ಎಂದೆ. ಹೆಂಡತಿಯನ್ನು ಮುಂದೆ ಬಿಟ್ಟು ವ್ಯವಹಾರ ಮಾಡುವ ಗಂಡಸು ಎಂದೂ ಅಂದೆ. ಇದನ್ನು ಬರೆಯುವಾಗ ನನ್ನ ಕೈ ನಾಚುತ್ತದೆ, ಆದರೂ ಬರೆಯುತ್ತೇನೆ, ಯಾಕೆಂದರೆ ಅವತ್ತು ನಾನು ಕೂಗಿಯೇ ಅಂದದ್ದು.

ಆತ ಒರೆಸುವ ಬಟ್ಟೆಯನ್ನು ಹಿಂಡಿದ. ಬೇರೆ ಡ್ರೈವರುಗಳು ತಲೆ ಬಗ್ಗಿಸಿದ್ದರು. “ಆಫೀಸಿಗೆ ಹೋಗಿ ಕೇಳ್ರಿ ಯವ್ವಾ” ಎಂದ, ಅಷ್ಟೇ.

“ಹೋಗ್ತೀನಿ. ಪೊಲೀಸ್ ಸ್ಟೇಷನ್ನಿಗೂ ಹೋಗ್ತೀನಿ” ಎಂದು ಎದುರಿಗೆ ಬಂದ ಸರ್ಕಾರಿ ಬಸ್ಸನ್ನು ಹತ್ತಿದೆ. ರಾಯಚೂರು ಮುಟ್ಟುವವರೆಗೆ ಅಧಿಕಾರಿಯ ಮುಂದೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದೆ.

ಸಾರಿಗೆ ಕಚೇರಿಯ ಪರ್ಮಿಟ್ ವಿಭಾಗದಲ್ಲಿ ಕನ್ನಡಕದ ಒಬ್ಬ ಗುಮಾಸ್ತರು ಕೂತಿದ್ದರು. ನಮ್ಮ ಗಾಡಿಯನ್ನು ಮೋಸದಿಂದ ಬೇರೆಯವರ ಹೆಸರಿಗೆ ಮಾಡುತ್ತಿದ್ದಾರೆ, ತಕರಾರು ಕೊಡಬೇಕು ಎಂದೆ. ಅವರು ಗಾಡಿಯ ನಂಬರ್ ಕೇಳಿ ಕಂಪ್ಯೂಟರ್ ನೋಡಿದರು. “ಗಾಡಿ ನಿಮ್ಮ ತಂದಿಯವರ ಹೆಸರಿನಾಗೇ ಅದಲ್ರೀ. ಮಾರಾಟದ ಅರ್ಜಿ ಏನೂ ಬಂದಿಲ್ಲ.” ಆಮೇಲೆ ಏನೋ ನೆನಪಾದವರಂತೆ ಎದ್ದು ಕಪಾಟಿನಿಂದ ಒಂದು ಫೈಲು ತಂದರು. “ನಿಮ್ಮ ತಾಯಿಯವರ ಒಂದು ಅರ್ಜಿ ಮಾತ್ರ ಬಂದದ. ನೋಡ್ರಿ, ಇಪ್ಪತ್ನಾಕನೇ ದಿನಕ್ಕ ಮುಟ್ಟ್ಯಾದ. ಭಾಳ ಚಲೋ ಆತು.”

ಏನು ಚಲೋ ಆಯಿತೆಂದು ನನಗೆ ತಿಳಿಯಲಿಲ್ಲ. ಅವರು ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಪರ್ಮಿಟ್ ಇರುವವರು ತೀರಿಕೊಂಡರೆ, ಗಾಡಿ ಯಾರ ಕೈಗೆ ಬಂದಿದೆಯೋ ಅವರು ಮೂವತ್ತು ದಿನದೊಳಗೆ ಕಚೇರಿಗೆ ತಿಳಿಸಬೇಕು, ಈ ಪರ್ಮಿಟ್ ನಾವೇ ನಡೆಸುತ್ತೇವೆ ಎಂದು ಬರೆದುಕೊಡಬೇಕು. ಹಾಗೆ ತಿಳಿಸಿದರೆ ತೀರಿದ ದಿನದಿಂದ ಮೂರು ತಿಂಗಳು ಅದೇ ಪರ್ಮಿಟ್ಟಿನ ಮೇಲೆ ಗಾಡಿ ಓಡಿಸಬಹುದು, ಅಷ್ಟರೊಳಗೆ ಹೆಸರು ಬದಲಿಸಲು ಅರ್ಜಿ ಕೊಡಬೇಕು.

“ತಿಳಿಸದಿದ್ರ?”

“ಗಾಡಿ ರಸ್ತೆಗೆ ಇಳಿಸಂಗಿಲ್ಲ. ಇಳಿಸಿದ್ರ ಜಪ್ತಿ. ಮನಿ ಮುಂದ ನಿಂತು ತುಕ್ಕು ಹಿಡೀತದ. ಎಷ್ಟು ಮಂದೀದು ಹಂಗ ಆಗ್ಯಾದ ಅಂತೀರಿ.”

ಅವತ್ತು ಮೂವತ್ತೆಂಟನೆಯ ದಿನ. ನಾವು ನಲವತ್ತಕ್ಕೆ ಡಬ್ಬಿ ತೆರೆಯಬೇಕೆಂದಿದ್ದೆವು. ಅಮ್ಮಿಯ ಊಟ, ನನ್ನ ಓದು, ಮನೆ ಬಾಡಿಗೆ, ಎಲ್ಲವೂ ಆ ಗಾಡಿಯ ಮೇಲೇ ನಿಂತಿತ್ತು. ನಾವು ಮರ್ಯಾದೆಯಿಂದ, ಶೋಕದಿಂದ, ಯಾರೂ ಬೊಟ್ಟು ಮಾಡದಂತೆ ಕಾದು ಕೂತು ಅದನ್ನು ಕಳೆದುಕೊಳ್ಳಲಿದ್ದೆವು.

“ಅರ್ಜಿ ನೋಡಬಹುದಾ ಸರ್?” ಎಂದೆ.

ಗೆರೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಸೊಟ್ಟಗಿನ ಅಕ್ಷರ. ಅಮ್ಮಿಯ ಪರವಾಗಿ ನಾಲ್ಕು ಸಾಲು, ಕೆಳಗೆ ಅಮ್ಮಿಯ ಉರ್ದು ಸಹಿ. ಪರ್ಮಿಟ್ ನಂಬರ್ ಜಾಗದಲ್ಲಿ, ‘ನಂಬರ್ ನಮಗೆ ಸಿಕ್ಕಿಲ್ಲ, ಗಾಡಿ ನಂಬರ್ ಮೇಲಿಂದ ಸಾಹೇಬರೇ ನೋಡಿಕೊಳ್ಳಬೇಕು’ ಎಂದಿತ್ತು. ಸಿಗದಂತೆ ಬಾಗಿಲು ಹಾಕಿದವಳು ನಾನು. ಹಾಳೆಯ ತುದಿಗೆ, ಜಾಗ ಸಾಲದೆ ಒತ್ತೊತ್ತಾಗಿ ಇಷ್ಟು ಬರೆದಿತ್ತು: ‘ಈ ಅರ್ಜಿ ಬರದವ ನಾನು. ದೇವದುರ್ಗದಾಗ ನಮ್ಮ ಅಣ್ಣ ಸತ್ತಾಗ ಗಡುವು ತಿಳೀಲಾರದೆ ಪರ್ಮಿಟ್ ಹೋತು, ಗಾಡಿ ಗುಜರಿಗೆ ಹೋತು. ಈ ಹೆಣ್ಣುಮಗಳು ನಾಕು ತಿಂಗಳು ಮನಿ ಬಿಟ್ಟು ಬರಂಗಿಲ್ಲ, ಅದು ಅವರ ಪದ್ಧತಿ. ಸಾಹೇಬರು ದಯಮಾಡಿ ಕಾಯಬೇಕು.’

ನಾನು ಅಲ್ಲೇ, ಆ ಕೌಂಟರಿನ ಮುಂದೆ, ಜನರೆಲ್ಲ ನೋಡುತ್ತಿರುವಾಗ ಅತ್ತೆ. ಗುಮಾಸ್ತರು ಕುರ್ಚಿ ತರಿಸಿ ಕೂರಿಸಿದರು, ನೀರು ಕೊಟ್ಟರು. ಆಮೇಲೆ ಒಂದು ಚೀಟಿಯಲ್ಲಿ ಏನೇನು ಬೇಕೆಂದು ಬರೆದುಕೊಟ್ಟರು: ಮರಣ ಪತ್ರ, ವಂಶವೃಕ್ಷ, ಗಾಡಿಯ ಅಸಲು ಕಾಗದ, ತೆರಿಗೆ ಕಟ್ಟಿದ ಚೀಟಿ. “ಫಾರಮ್ ಮನಿಗೇ ಒಯ್ಯಿರಿ, ಅಮ್ಮಾರ ಸಹಿ ಅಲ್ಲೇ ಆಗಲಿ. ಅವರನ್ನ ಇಲ್ಲಿಗೆ ಕರಕೊಂಡು ಬರಬ್ಯಾಡ್ರಿ ಸದ್ಯಕ್ಕ” ಎಂದರು. ಸರ್ಕಾರಿ ಕಚೇರಿಗಳ ಬಗ್ಗೆ ನನ್ನ ಬಾಯಲ್ಲಿ ಸದಾ ಸಿದ್ಧವಿದ್ದ ಬೈಗುಳಗಳನ್ನು ಅವತ್ತು ನುಂಗಿಕೊಂಡು ಕೈ ಮುಗಿದು ಬಂದೆ.

ನಲವತ್ತರ ಫಾತಿಹಾ ಆಯಿತು, ಡಬ್ಬಿ ತೆರೆದೆ. ಮಾನ್ವಿಯ ನಾಡಕಚೇರಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ವಂಶವೃಕ್ಷದಲ್ಲಿ ಅಬ್ಬಾನ ಹೆಸರಿನ ಒಂದು ಅಕ್ಷರ ತಪ್ಪಿತ್ತು, ತಿದ್ದಿಸಲು ಮತ್ತೆ ಓಡಾಟ. ಅಂತೂ ಗಡುವಿನೊಳಗೆ ಅರ್ಜಿ ಮುಟ್ಟಿತು. ನಡುವೆ ಗಾಡಿಗೆ ಡ್ರೈವರ್ ಬೇಕಾಗಿತ್ತು. ನಾನು ದೇವದುರ್ಗದವನ ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದೆ, ನಮ್ಮ ಗಾಡಿ ಓಡಿಸ್ತಾರೇನು ಕೇಳ್ರಿ ಎಂದು. ಮರುದಿನ ಆರು ಗಂಟೆಗೆ ಆತ ಹಳೆಯ ಮಾಲೀಕನ ಗಾಡಿ ಬಿಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದ. ಚಾವಿ ಕೊಟ್ಟೆ, ತಗೊಂಡ.

ಕ್ಷಮೆ ಕೇಳಲಿಲ್ಲ ನಾನು. ಕೆಲಸ ಕೊಟ್ಟದ್ದೇ ಕ್ಷಮೆ ಕೇಳಿದಂತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೈಯಲು ಹರಿದು ಬರುವ ಮಾತು ಇದೊಂದಕ್ಕೆ ಹೊರಡುತ್ತಿರಲಿಲ್ಲ. ಬೆಳಿಗ್ಗೆ ಚಾವಿ ಕೊಡುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ಸಂಜೆ ಚಾವಿ ಇಸಿದುಕೊಳ್ಳುವಾಗ ನಾಳೆ ಎಂದುಕೊಳ್ಳುತ್ತಿದ್ದೆ. ಆತನೂ ಆ ಮಾತು ತೆಗೆಯಲಿಲ್ಲ. ಅಮ್ಮಿಗೆ ನಾನು ಅರ್ಜಿಯ ಸುದ್ದಿ ಹೇಳಿದ್ದೆ, ಸ್ಟ್ಯಾಂಡಿನ ಸುದ್ದಿ ಹೇಳಿರಲಿಲ್ಲ. ಬೇರೆ ಯಾರೂ ಹೇಳಲಿಲ್ಲ, ಅದೂ ಸ್ಟ್ಯಾಂಡಿನವರ ದೊಡ್ಡತನವೇ.

ಹೆಸರು ಬದಲಿಸಿದ ಆದೇಶ ಮೂರನೆಯ ತಿಂಗಳಲ್ಲೇ ಬಂತು. ಅದರ ನಕಲು ಪ್ರತಿ ಗಾಡಿಯಲ್ಲಿರಲಿ, ಅಸಲು ಪರ್ಮಿಟ್ಟನ್ನು ಅಮ್ಮಾರೇ ಬಂದು ಸಹಿ ಮಾಡಿ ಒಯ್ಯಲಿ, ಅವಸರವಿಲ್ಲ ಎಂದು ಗುಮಾಸ್ತರು ಹೇಳಿ ಕಳಿಸಿದರು. ಇದ್ದತ್ತು ಮುಗಿದ ಮರುದಿನ ಅಮ್ಮಿ ಬುರ್ಖಾ ತೊಟ್ಟು ಹೊಸಿಲು ದಾಟಿದರು. ಬೆಳಕಿಗೆ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ನನ್ನ ತೋಳು ಹಿಡಿದು ನಿಂತರು. ಕಚೇರಿಯಲ್ಲಿ ಗುಮಾಸ್ತರು ಎದ್ದು ನಿಂತು ಕೂರಿಸಿದರು, ಅಮ್ಮಿ ನಿಧಾನವಾಗಿ ಸಹಿ ಮಾಡಿದರು. ಹೊರಗೆ ಬೇವಿನ ಮರದ ಕೆಳಗೆ ನಿಂತು, “ಓದು” ಎಂದರು. ಓದಿದೆ. ಅವರ ಹೆಸರು, ಗಾಡಿಯ ನಂಬರು, ಸೀಟುಗಳ ಸಂಖ್ಯೆ. “ಇನ್ನೊಮ್ಮೆ ಓದು” ಎಂದರು. ಎರಡನೆಯ ಸಲ ಓದಿದ ಮೇಲೆ ಅದನ್ನು ನನ್ನ ಕೈಯಿಂದ ತಗೊಂಡು ತಾವೇ ಲಕೋಟೆಯೊಳಗೆ ಇಟ್ಟರು.

ರಾಯಚೂರಿನ ಸ್ಟ್ಯಾಂಡಿಗೆ ಬಂದಾಗ ನಮ್ಮ ಕ್ರೂಸರ್ ಪಾಳಿಯಲ್ಲಿ ಮುಂದಿತ್ತು. ಎದುರಿಗೇ ಮಾನ್ವಿಯ ಸರ್ಕಾರಿ ಬಸ್ಸು ನಿಂತಿತ್ತು. ಅದರಲ್ಲಿ ಹೋದರೆ ಎರಡು ಸೀಟು ಪ್ರಯಾಣಿಕರಿಗೆ ಉಳಿಯುತ್ತಿತ್ತು ಎಂದೆ. ಅಮ್ಮಿ ನನ್ನತ್ತ ತಿರುಗಿಯೂ ನೋಡದೆ ನಮ್ಮ ಗಾಡಿ ಹತ್ತಿ ನಡುವಿನ ಸೀಟಿನಲ್ಲಿ ಕೂತರು, ನಾನೂ ಪಕ್ಕದಲ್ಲಿ ಕೂತೆ. ಒಳಗೆ ಆಗಲೇ ಕೆಲವರು ಕೂತಿದ್ದರು. ದೇವದುರ್ಗದವ ಬಾಗಿಲ ಬಳಿ ನಿಂತು ಕೂಗುತ್ತಿದ್ದ.

“ಭಯ್ಯಾ, ಈ ಕಡೆ ಬರ್ರಿ” ಎಂದು ಅಮ್ಮಿ ಕರೆದರು. ಆತ ಟವೆಲ್ಲು ಹೆಗಲಿನಿಂದ ಇಳಿಸಿ ಬಂದ. “ನಿಮ್ಮನ್ನ ಎದುರಿಗೆ ನೋಡಿ ಹೇಳಬೇಕು ಅಂತ ಇಷ್ಟು ದಿನ ತಡೆದೀನಿ. ನಮ್ಮ ಮನಿ ಉಳಿಸೀರಿ. ಅಲ್ಲಾ ನಿಮ್ಮನ್ನ ಚಲೋ ಇಡಲಿ.”

ಆತ ನೆಲ ನೋಡಿದ. “ನಂದೇನದರೀ ಭಾಬಿ, ಒಂದು ಹಾಳಿ ಕಾಗದ. ಓಡ್ಯಾಡಿದ್ದೆಲ್ಲಾ ನಿಮ್ಮ ಮಗಳು. ಇಂಥಾ ಮಗಳು ಇದ್ದದ್ದಕ್ಕ ಗಾಡಿ ಉಳೀತು. ನಮ್ಮಣ್ಣನ ಮನ್ಯಾಗ ಇಂಥಾಕಿ ಒಬ್ಬಾಕಿ ಇದ್ದಿದ್ರ...” ಎಂದು ನಿಲ್ಲಿಸಿದ.

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ತಿರುಗಿ ಒಂದು ಅನ್ನುತ್ತಲೂ ಇದ್ದೆ. ಆತ ಮನಸಾರೆ ಹೇಳುತ್ತಿದ್ದ. ನನಗೆ ಕೂರಲಾಗಲಿಲ್ಲ.

“ಅಮ್ಮಿ, ಇವರಿಗೆ ನಾ ಮಾನ್ವಿ ಸ್ಟ್ಯಾಂಡಿನಾಗ ಕಳ್ಳ ಅಂದೀನಿ” ಎಂದೆ. “ಸತ್ತವರ ಮನಿ ಲೂಟಿ ಮಾಡಾವ ಅಂದೀನಿ. ಇವರ ಹೆಂಡತಿ ಬಗ್ಗೆನೂ ಅಂದೀನಿ. ಎಲ್ಲಾರ ಮುಂದ. ಇವತ್ತಿನತನಕ ತಪ್ಪಾತು ಅಂದಿಲ್ಲ. ತಪ್ಪಾತ್ರೀ.”

ದೇವದುರ್ಗದವನ ಮುಖ ಕೆಂಪಾಯಿತು. ಅವಸರದಲ್ಲಿ ಬೆನ್ನು ತಿರುಗಿಸಿ, “ಕಲ್ಲೂರ್, ಮಾನ್ವಿ, ಮಾನ್ವಿ, ಮಾನ್ವೀ!” ಎಂದು ನನ್ನ ಮಾತು ಮುಚ್ಚಿಹೋಗುವಂತೆ ಕೂಗತೊಡಗಿದ. ಸಾಲಿನಲ್ಲಿದ್ದ ಇನ್ನಿಬ್ಬರು ಡ್ರೈವರುಗಳು ಇತ್ತ ನೋಡುತ್ತಿದ್ದರು.

ಅಮ್ಮಿ ಪರ್ಮಿಟ್ಟಿನ ಲಕೋಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು.

“ಅವತ್ತು ಎಷ್ಟು ಮಂದಿ ಇದ್ರು?” ಎಂದು ಕೇಳಿದರು, ದಖ್ನಿಯಲ್ಲಲ್ಲ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ.

“ಹತ್ತು ಹನ್ನೆರಡು ಮಂದಿ.”

ಅಮ್ಮಿ ಹಿಂದೆ ಮುಂದೆ ಕಣ್ಣಾಡಿಸಿದರು.

“ಇಲ್ಲಿ ಆರು ಮಂದಿ ಅದಾರ. ತಡಿ, ಗಾಡಿ ತುಂಬಲಿ. ಆಮ್ಯಾಲೆ ಎದ್ದು ನಿಂತು ಗಟ್ಟಿಯಾಗಿ ಹೇಳು.”

ಕಾಲು ಗಂಟೆಯಲ್ಲಿ ಗಾಡಿ ತುಂಬಿತು. ನಾನು ಎದ್ದು ನಿಂತೆ.